ಆನೆಗೆ ಸಾಕ್ಷಿ

ಪ್ರಜಾಪ್ರಭುತ್ವವನ್ನು ಪಾಠ ಮಾಡುವುದು ಬೇರೆ, ಅದರ ಕೈಗೆ ಸಿಕ್ಕಿಬೀಳುವುದು ಬೇರೆ. ಪಾಠ ಮಾಡುವಾಗ ಸೀಮೆಸುಣ್ಣ ನನ್ನ ಕೈಯಲ್ಲಿರುತ್ತದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಬೋರ್ಡಿನ ಮೇಲೆ ಚೌಕ ಬರೆದು, ನಡುವೆ ಬಾಣದ ಗುರುತು ಎಳೆದು, ಬೆಲ್ ಹೊಡೆದ ಮೇಲೆ ಒರೆಸಿ ಹೋಗಬಹುದು. ಹೀಗೆ ಒರೆಸಿಕೊಂಡೇ ನಾನು ಎಷ್ಟೋ ವರ್ಷ ಸುಖವಾಗಿದ್ದೆ. ಅಮ್ಮತ್ತಿ ಕಡೆಯ ಈ ಹೆಣ್ಣುಮಕ್ಕಳ ಹೈಸ್ಕೂಲಿಗೆ (ಹೆಸರು ಬೇಡ, ಇನ್ನೂ ಇಲ್ಲೇ ಸಂಬಳ ತೆಗೆದುಕೊಳ್ಳುತ್ತಿದ್ದೇನೆ) ಸಮಾಜ ವಿಜ್ಞಾನದ ಟೀಚರಾಗಿ ಬಂದ ಮೇಲೆ ಶಾಲಾ ಸಂಸತ್ತಿನ ಹೊಣೆ ನನ್ನ ಕೊರಳಿಗೆ ಬಿತ್ತು. ಬೇರೆ ಶಾಲೆಗಳಲ್ಲಿ ಸಂಸತ್ತೆಂದರೆ ಒಂದು ಪ್ರಮಾಣವಚನ, ಒಂದು ಗ್ರೂಪ್ ಫೋಟೊ, ಆಮೇಲೆ ವರ್ಷವಿಡೀ ಮಂತ್ರಿಗಳು ಬೋರ್ಡ್ ಒರೆಸುವುದು, ಅಷ್ಟೆ. ನಾನೂ ಸುಮ್ಮನಿರಬಹುದಿತ್ತು. ಆದರೆ ಮೊದಲ ಅಧಿವೇಶನದಲ್ಲೇ "ಇದು ನಿಮ್ಮದೇ ಸರ್ಕಾರ, ನೀವು ಮಾಡಿದ ಕಾನೂನನ್ನು ಟೀಚರುಗಳೂ ಮುರಿಯುವಂತಿಲ್ಲ" ಎಂದು ಭಾಷಣ ಬಿಗಿದೆ. ಜೋರಾಗಿ ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದರೆ ನನಗೆ ಮುಂದಿನದು ಕಾಣುವುದಿಲ್ಲ.

ಕಾನೂನು ಎಂದರೆ ದೇಚಮ್ಮ. ಒಂಬತ್ತನೆಯ ತರಗತಿ, ಶಿಸ್ತುಮಂತ್ರಿ, ಎರಡು ಜಡೆ, ಅಜ್ಜನ ಕೈಗಡಿಯಾರ. ಅವಳ ಅಜ್ಜ ಮಿಲಿಟರಿಯಲ್ಲಿದ್ದವರಂತೆ. ನೋಡಿದರೆ ಅವರು ಇನ್ನೂ ನಿವೃತ್ತರಾಗಿಲ್ಲ, ಮೊಮ್ಮಗಳ ಒಳಗೆ ಸೇರಿಕೊಂಡಿದ್ದಾರೆ ಎನಿಸುತ್ತದೆ. ಬೆಳಗ್ಗೆ ಅವಳು ಗೇಟಿನ ಹತ್ತಿರ ನಿಂತಿದ್ದರೆ ನಾನು ಕೂಡ ಸೀರೆಯ ನೆರಿಗೆ ಸರಿಮಾಡಿಕೊಂಡು ಒಳಗೆ ಬರುತ್ತೇನೆ. ಹೆಡ್‌ಮಿಸ್ಸಿಗೆ ಹೆದರದ ನಾನು ಈ ಹುಡುಗಿಗೆ ಹೆದರುತ್ತೇನೆಂಬುದು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾಕೆಂದರೆ ಅವರೂ ಹೆದರುತ್ತಾರೆ.

ನಮ್ಮ ಕಡೆ ತಡವಾಗಿ ಬಂದವರಿಗೆಲ್ಲ ಒಂದೇ ನೆಪ: "ಆನೆ ಬಂದಿತ್ತು." ನಿಜವಾಗಿಯೂ ಬರುತ್ತದೆ. ಕಾಫಿ ತೋಟದೊಳಗೆ ಹಲಸು ಹಣ್ಣಾಗುವ ಕಾಲದಲ್ಲಂತೂ ಕಾಡಾನೆಗಳು ನಮಗಿಂತ ಸರಿಯಾದ ಸಮಯಕ್ಕೆ ಹಾಜರು. ಆದರೆ ಈ ವರ್ಷ ಶಾಲೆಯ ಹಿಂದಿನ ಬೀದಿಯಲ್ಲಿ, ಬೇಕರಿಯ ಮೇಲಿನ ಮನೆಯಲ್ಲಿರುವ ಹುಡುಗಿಯೂ ಆನೆಯಿಂದಾಗಿ ತಡವಾಯಿತು ಎಂದಾಗ ದೇಚಮ್ಮನಿಗೆ ರೇಗಿತು. ಮಸೂದೆ ತಂದಳು. ಆನೆಯೆಂದರೆ ಸಾಕ್ಷಿ ಬೇಕು. ಸಾಕ್ಷಿಯಿಲ್ಲದಿದ್ದರೆ ಸಂಜೆ ಮೈದಾನ ಗುಡಿಸಬೇಕು. ಮಂತ್ರಿಯಾದವಳು ಮೂರು ಸಲ ಹೀಗೆ ಸಿಕ್ಕಿಬಿದ್ದರೆ ಬ್ಯಾಡ್ಜು ಹಿಂದೆ ಕೊಡಬೇಕು. ನನಗೆ ಆ ಮಸೂದೆ ಕಂಡು ಹೆಮ್ಮೆಯೋ ಹೆಮ್ಮೆ. ನನ್ನ ಬುದ್ಧಿವಂತಿಕೆಯೂ ಸ್ವಲ್ಪ ಇರಲಿ ಎಂದು ಒಂದು ವಾಕ್ಯ ಸೇರಿಸಿದೆ: ತಡವಾಗಿ ಬಂದವಳಿಗೆ ತಡವಾಗಿ ಬಂದ ಇನ್ನೊಬ್ಬಳು ಸಾಕ್ಷಿ ಹೇಳುವಂತಿಲ್ಲ. ಗುಂಪಾಗಿ ಬಂದು ಒಂದೇ ಆನೆಯನ್ನು ಎಲ್ಲರೂ ಹಂಚಿಕೊಳ್ಳುತ್ತಿದ್ದರಲ್ಲ, ಅದಕ್ಕೆ.

ಮರುದಿನದಿಂದ ಗೇಟಿನಲ್ಲಿ ಸಾಕ್ಷಿಗಳ ಸಂತೆ. ಒಬ್ಬಳು ಆನೆ ತಿಂದು ಬಿಟ್ಟುಹೋದ ಹಲಸಿನ ಸಿಪ್ಪೆ ತಂದಳು. ಒಬ್ಬಳು ಸೋದರಮಾವನನ್ನೇ ಕರೆತಂದಳು. ಪಾಪ ಅವರು ಬೈಕು ನಿಲ್ಲಿಸಿ "ಹೌದು, ಉಂಟು, ದೊಡ್ಡದೇ" ಎಂದು ಹೇಳಿ ಹೋದರು. ಇನ್ನೊಬ್ಬಳು ಪ್ಲಾಸ್ಟಿಕ್ ಕವರಿನಲ್ಲಿ ಲದ್ದಿ ತಂದು ನನ್ನ ಮೇಜಿನ ಮೇಲಿಟ್ಟಳು, ಇನ್ನೂ ಬಿಸಿ ಇತ್ತು. ಸ್ಟಾಫ್‌ರೂಮಿನಲ್ಲಿ ಆವತ್ತು ಯಾರೂ ಊಟ ಮಾಡಲಿಲ್ಲ. ನಾನು ಮಾತ್ರ ಕಾನೂನಿನ ಆಡಳಿತ ಎಂದರೆ ಇದೇ ಎಂದು ಬೀಗಿದೆ.

ಈ ನಗುವಿನಲ್ಲಿ ಸೇರದವಳು ಸೆಲ್ವಿ. ದೊಡ್ಡ ತೋಟವೊಂದರ ಕೂಲಿಯವರ ಲೈನ್‌ಮನೆಯ ಹುಡುಗಿ, ನೀರು ಮತ್ತು ಸ್ವಚ್ಛತೆಯ ಮಂತ್ರಿ. ಲೈನ್‌ಮನೆಯಿಂದ ಬಂದು ಚುನಾವಣೆಯಲ್ಲಿ ಗೆದ್ದವಳು ನಮ್ಮಲ್ಲಿ ಅವಳೇ ಮೊದಲು. ಅವಳು ಬಂದ ಮೇಲೆ ತೊಟ್ಟಿಕ್ಕುತ್ತಿದ್ದ ನಲ್ಲಿಗಳು ನಿಂತವು. ಬ್ಯಾಡ್ಜನ್ನು ಸಂಜೆ ಬಿಚ್ಚಿ ಕರ್ಚೀಫಿನಲ್ಲಿ ಸುತ್ತಿ ಒಯ್ಯುತ್ತಿದ್ದಳು. ಅವಳ ದಾರಿಯಲ್ಲಿ ಆನೆ ನಿಜವಾಗಿಯೂ ಬರುತ್ತಿತ್ತು, ಆದರೆ ಅಷ್ಟು ಬೆಳಗ್ಗೆ ಕೆಲಸ ಬಿಟ್ಟು ಸಾಕ್ಷಿ ಹೇಳಲು ಬರುವ ಮಾವಂದಿರು ಅವಳಿಗಿರಲಿಲ್ಲ. ಎರಡು ಸಲ ತಡವಾಯಿತು, ಎರಡು ಸಲ ಗುಡಿಸಿದಳು. ಇನ್ನೊಂದು ಸಲವಾದರೆ ಬ್ಯಾಡ್ಜು ಹೋಗುತ್ತಿತ್ತು. ಅಂದಿನಿಂದ ಎಲ್ಲರಿಗಿಂತ ಮೊದಲು ಬರತೊಡಗಿದಳು.

ಆ ಶುಕ್ರವಾರ ಬರಲಿಲ್ಲ. ಹೆಡ್‌ಮಿಸ್ ವಿರಾಜಪೇಟೆಗೆ ಮೀಟಿಂಗಿಗೆ ಹೋಗಿದ್ದರು. ಪ್ರಾರ್ಥನೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅದೇ ಲೈನಿನ ಪುಟ್ಟ ಹುಡುಗಿಯೊಬ್ಬಳು ತೋಟದ ಜೀಪಿನಿಂದ ಇಳಿದಳು. ಸೆಲ್ವಿ ಎಲ್ಲಿ ಎಂದೆ.

"ಅಕ್ಕ ಕೆರೆ ದಾರಿಯಲ್ಲಿ ಬಂದ್ರು ಟೀಚರ್, ಬೇಗ ಆಗ್ತದೆ ಅಂತ. ಅಲ್ಲಿ ಆನೆ ಉಂಟು ಅಂತ ನಮ್ಮನ್ನು ಜೀಪಲ್ಲಿ ಸುತ್ತಿಸಿ ತಂದದ್ದು."

ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದೆ. "ಮರಿ ಇರುವ ಆನೆ ಮೇಡಂ, ಹತ್ತಿರ ಹೋಗುವ ಹಾಗಿಲ್ಲ. ಹುಡುಗಿ ಅಲ್ಲಿ ಹೋದದ್ದು ನಮಗೆ ಗೊತ್ತೇ ಇಲ್ಲ" ಎಂದರು. ಸಂಸತ್ತಿನ ಸ್ಪೀಕರ್ ಫಾತಿಮಾಳಿಗೆ ಪ್ರಾರ್ಥನೆ ಒಪ್ಪಿಸಿ ಆಟೊ ಹತ್ತಿದೆ. ಪಕ್ಕದಲ್ಲಿ ದೇಚಮ್ಮ ಬಂದು ಕೂತಳು.

"ನೀನೆಂತಕ್ಕೆ?"

"ಕಾನೂನು ನಂದಲ್ವಾ ಟೀಚರ್."

ಆಟೊ ತಿರುಗುವಷ್ಟರಲ್ಲಿ ಹಿಂದೆ ಬೆಲ್ ಹೊಡೆಯಿತು. ದೇಚಮ್ಮ ಗಡಿಯಾರ ನೋಡಿದಳು. "ಬೆಲ್ಲಿನ ಹೊತ್ತಿಗೆ ಗೇಟಿನ ಹೊರಗೆ. ಈಗ ನಾವೂ ಲೇಟು" ಎಂದಳು. ನನಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ತೋಟದ ಗೇಟಿನಲ್ಲಿ ಕಾವಲುಗಾರ ಎರಡೂ ಕೈ ಅಡ್ಡ ಹಿಡಿದ. ಮಾತಾಡಬೇಡಿ ಎಂದು ಸನ್ನೆ ಮಾಡಿದ. ಕಾಫಿ ಗಿಡಗಳ ಆಚೆ ಕೊಂಬೆ ಮುರಿಯುವ ಲಟಲಟ ಶಬ್ದ, ಮತ್ತೆ ಮೌನ. ಶಬ್ದಕ್ಕಿಂತ ಆ ಮೌನವೇ ಭಯಂಕರ. ಯಾವ ದೇವರಿಗೆ ಹರಕೆ ಹೊತ್ತರೆ ಒಳ್ಳೆಯದೆಂದು ತಿಳಿಯದೆ ಕುಶಾಲನಗರದ ನಮ್ಮ ಮನೆದೇವರಿಂದ ಹಿಡಿದು ಭಾಗಮಂಡಲದವರೆಗೆ ಎಲ್ಲರಿಗೂ ಹೊತ್ತೆ. ನನ್ನ ಕೈಯನ್ನು ಯಾರೋ ಹಿಡಿದುಕೊಂಡಂತಾಯಿತು. ನೋಡಿದರೆ ದೇಚಮ್ಮ. ಅಂಗೈ ತಣ್ಣಗಿತ್ತು. ಆಗಷ್ಟೇ ನನಗೆ ಅವಳು ಹದಿನಾಲ್ಕು ವರ್ಷದ ಮಗು ಎಂಬುದು ಹೊಳೆದದ್ದು.

ಅಷ್ಟರಲ್ಲಿ ದೂರದಿಂದ, ಎತ್ತರದಿಂದ ಒಂದು ದನಿ: "ಟೀಚರ್! ಬೆಲ್ ಆಯ್ತಾ?"

ಕೆರೆಯ ದಂಡೆಯ ನೀರಿನ ಟ್ಯಾಂಕಿನ ಮೇಲೆ ಸೆಲ್ವಿ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಕೆಳಗೆ ಆನೆ, ಅದರ ಕಾಲ ಬಳಿ ಮರಿ. ಕಾವಲುಗಾರ ಬಾಯಿಯ ಮೇಲೆ ಬೆರಳಿಟ್ಟು ಅಲ್ಲಿಂದಲೇ ಗದರಿದ. ನನಗೆ ಅಳು ಬಂತು. ಜೀವ ಹೋಗುವ ಹೊತ್ತಿನಲ್ಲಿ ಈ ಹುಡುಗಿ ಕೇಳುತ್ತಿರುವುದು ಬೆಲ್ ಬಗ್ಗೆ! ಕೊನೆಗೆ ತಾಯಿ ಮರಿ ಎರಡೂ ಹೊಳೆಯ ಕಡೆ ಇಳಿದವು. ಕಾವಲುಗಾರ ಹೋಗಿ ಅವಳನ್ನು ಇಳಿಸಿಕೊಂಡು ಬಂದ. ಮೊಣಕೈ ತರಚಿತ್ತು.

"ಒಂದು ಸಲ ಇಳಿದಿದ್ದೆ ಟೀಚರ್, ಲೇಟಾಗ್ತದೆ ಅಂತ. ಮರಿ ನೋಡಿಬಿಡ್ತು. ಅದರ ತಾಯಿ ಓಡಿ ಬಂತು. ಮತ್ತೆ ಹತ್ತಿದೆ."

ಆ ಇಳಿದದ್ದು ನಮ್ಮ ಕಾನೂನಿಗಾಗಿ, ನಾನು ಮೀಸೆಯಿಲ್ಲದಿದ್ದರೂ ತಿರುವಿಕೊಂಡಿದ್ದ ಕಾನೂನಿಗಾಗಿ. ಆಟೊದಲ್ಲಿ ಮೂವರೂ ಶಾಲೆಗೆ ವಾಪಸು ಬಂದೆವು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಸಂಸತ್ತು ಕೂಡಿತು. ಫಾತಿಮಾಳ ದನಿ ಸಣ್ಣದು, ಆದರೆ ತಪ್ಪುವುದಿಲ್ಲ. ಸೆಲ್ವಿಗೆ ಇದು ಮೂರನೆಯ ಸಲ. ಆನೆಯನ್ನು ಕಣ್ಣಾರೆ ಕಂಡು ಇಲ್ಲಿ ಕೂತಿರುವ ಸಾಕ್ಷಿಗಳಿಬ್ಬರೂ, ದೇಚಮ್ಮ ಮತ್ತು ನಾನು, ತಡವಾಗಿ ಬಂದವರು, ಆದ್ದರಿಂದ ಸಾಕ್ಷಿ ನಡೆಯುವುದಿಲ್ಲ. ಇದು ನನ್ನದೇ ವಾಕ್ಯ. ನಾನು ಎದ್ದುನಿಂತೆ. "ಸಾಕು ಈ ಆಟ. ಟೀಚರಾಗಿ ಹೇಳುತ್ತಿದ್ದೇನೆ, ಬ್ಯಾಡ್ಜು ಅವಳ ಹತ್ತಿರವೇ ಇರುತ್ತದೆ" ಎಂದೆ.

ಸೆಲ್ವಿ ತಲೆಯಾಡಿಸಿದಳು. "ಬೇಡ ಟೀಚರ್. ನೀವು ಕೊಟ್ರೆ ಅದು ನೀವು ಕೊಟ್ಟ ಬ್ಯಾಡ್ಜ್ ಆಗ್ತದೆ. ಇದು ಇವರು ವೋಟು ಹಾಕಿ ಕೊಟ್ಟದ್ದು. ತೆಗೆಯುದಾದ್ರೆ ಇವರೇ ತೆಗೀಲಿ." ಬ್ಯಾಡ್ಜು ಬಿಚ್ಚಿ ಮೇಜಿನ ಮೇಲಿಟ್ಟಳು.

ಆಗ ದೇಚಮ್ಮ ಎದ್ದಳು. "ನಾನು ಮಾಡಿದ ಕಾನೂನು ಸರಿ ಇಲ್ಲ. ಇವಳು ಎರಡು ಸಲ ಆನೆ ಅಂದಾಗ ನಾನು ನಂಬಲಿಲ್ಲ. ಇವತ್ತು ಅದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಕಾನೂನು ತೆಗಿಬೇಕು, ಅದು ಮುಂದಿನ ಅಧಿವೇಶನಕ್ಕೆ. ಈಗ ಸೆಲ್ವಿಯನ್ನು ಬಿಡುದು ಅಂತಾದ್ರೆ ಕೈ ಎತ್ತಿ." ಆಮೇಲೆ ಕೈಗಳು ಎದ್ದವು, ಹಿಂದಿನ ಬೆಂಚಿನವರೆಗೂ. ಬ್ಯಾಡ್ಜನ್ನು ಫಾತಿಮಾಳೇ ಚುಚ್ಚಿದಳು. ಸೆಲ್ವಿ ಅತ್ತುಬಿಟ್ಟಳು, ನಾನೂ ಸ್ವಲ್ಪ.

"ಲೇಟಾದವರು ಇನ್ನಿಬ್ಬರು ಉಳಿದಿದ್ದಾರೆ" ಎಂದಳು ಫಾತಿಮಾ. ದೇಚಮ್ಮ, "ನಂದು ವೋಟಿಗೆ ಹಾಕುದು ಬೇಡ, ಗುಡಿಸ್ತೇನೆ" ಎಂದು ಕೂತಳು. ನಾನು ಮಾತ್ರ ಕಣ್ಣೊರೆಸಿಕೊಂಡು, ಸಭೆಯ ಭಾವುಕತೆ ಆರುವ ಮೊದಲೇ ನನ್ನದೂ ಆಗಿಹೋಗಲಿ ಎಂದು, ಮುಗುಳ್ನಗುತ್ತ "ನನ್ನದು ವೋಟಿಗೆ ಹಾಕಮ್ಮ" ಎಂದೆ. ಟೀಚರನ್ನು ಬಿಡುವವರು ಕೈ ಎತ್ತಿ ಎಂದು ಕೇಳಲಾಯಿತು. ಎದ್ದದ್ದು ಒಂದೇ ಕೈ, ತರಚಿದ ಮೊಣಕೈಯದು.

ಸಂಜೆ ಮೈದಾನದ ಆ ತುದಿಯಿಂದ ದೇಚಮ್ಮ, ಈ ತುದಿಯಿಂದ ನಾನು. ಬಸ್ಸಿಗೆ ಹೊರಟ ಹುಡುಗಿಯರೆಲ್ಲ ಗೇಟಿನಲ್ಲಿ ನಿಂತು ನೋಡಿದರು. ನಡುವೆ ಸೇರಿದಾಗ ದೇಚಮ್ಮ ಪೊರಕೆಯ ಮೇಲೆ ಕೈಯೂರಿ ನಿಂತಳು.

"ಕೈ ಎತ್ತಿಸುವ ಮೊದಲೇ ಒಪ್ಪಿಕೊಳ್ಬೇಕಿತ್ತು ಟೀಚರ್ ನೀವು" ಎಂದಳು.

ನಾನು ಅವಳ ಪಾಲಿನ ಕಸವನ್ನೂ ನನ್ನ ಕಡೆಗೆ ಗುಡಿಸಿಕೊಂಡೆ.