ಕಿಶೋರನ ಹೊಟ್ಟೆಯೊಳಗಿನ ಮಾಲು

ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿದ್ದರೆ ಕಿಶೋರನಿಗೆ ಆ ಗತಿ ಬರುತ್ತಿರಲಿಲ್ಲ. ಮುಂಬಯಿಯ ಮಲಾಡಿನ ಆ ಹಳೆಯ ಬಿಲ್ಡಿಂಗಿನಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೆ ಮೆಟ್ಟಿಲ ಬಳಿ ಬರಲೇಬೇಕು. ಮೆಟ್ಟಿಲ ಪಕ್ಕದ ಮನೆ ಗುರುಬಾಯಿಯದು. ವಿಜಯಪುರದ ಕಡೆಯ ಆಕೆ ಬಾಗಿಲು ಅರ್ಧ ತೆರೆದು ಸೊಪ್ಪು ಸೋಸುತ್ತ ಕೂತರೆ ಬಿಲ್ಡಿಂಗಿನ ಸುದ್ದಿಯೆಲ್ಲ ಸೊಪ್ಪಿನ ಜೊತೆಗೇ ಬುಟ್ಟಿಗೆ ಬೀಳುತ್ತಿತ್ತು.

ಕಿಶೋರ ಗದಗಿನ ಕ್ರೈಸ್ತ ಮನೆತನದವನು. ವಾರವೆಲ್ಲ ಆಫೀಸು, ಭಾನುವಾರ ಚರ್ಚು, ಬಿಡುವಾದಾಗ ಹುಡುಗರಿಗೆ ಫುಟ್‌ಬಾಲ್ ಕಲಿಸುವುದು. ಅಂದು ಸಂಜೆ ಪರದೇಶಕ್ಕೆ ಹೊರಟಿದ್ದ. ಅಲ್ಲಿ ಹತ್ತು ದಿನ ಯುವಕರ ಫುಟ್‌ಬಾಲ್ ಶಿಬಿರ ನಡೆಸಬೇಕಿತ್ತು. ಆ ದೇಶದಲ್ಲಿ ಧರ್ಮದ ಮಾತನ್ನು ಬಹಿರಂಗವಾಗಿ ಆಡುವಂತಿಲ್ಲ. ಯಾರಾದರೂ ತಾವಾಗಿ ಕೇಳಿದರೆ ಮೆಲ್ಲಗೆ ನಾಲ್ಕು ಮಾತು ಹೇಳಿ, ಅಷ್ಟೇ, ಎಂದು ಶಿಬಿರದವರು ಎಚ್ಚರಿಸಿದ್ದರು. ಮೊದಲ ಸಲ ಜೊತೆಗೆ ಬರುತ್ತಿದ್ದ ಗೆಳೆಯ ಚೇತನನಿಗೆ ಬೆಳಿಗ್ಗೆ ಫೋನಿನಲ್ಲಿ ಅದನ್ನೇ ತಿಳಿಹೇಳುತ್ತಿದ್ದ.

"ಮೊದಲನೇ ದಿನಾನ ಹುಡುಗರಿಗೆ ಕೊಡಾಕ ಹೋಗಬ್ಯಾಡ. ಅವರಾಗೇ ಬಂದು ಕೇಳಬೇಕು. ಒಬ್ಬಂಗ ರುಚಿ ಹತ್ತಿತಂದ್ರ ಉಳದವ್ರೂ ಬರ್ತಾರ. ಬ್ಯಾಗಿನ್ಯಾಗ ಏನೂ ಇಡಬ್ಯಾಡ, ತಗಸಿ ನೋಡ್ತಾರ. ನಂದೆಲ್ಲಾ ಒಳಗ ಐತಿ."

ಗುರುಬಾಯಿಯ ಕೈಯಲ್ಲಿದ್ದ ಮೆಂತ್ಯೆ ಸೊಪ್ಪು ಕೈಯಲ್ಲೇ ಉಳಿಯಿತು. ಮಾದಕ ವಸ್ತುವಿನ ಗುಳಿಗೆ ನುಂಗಿ ವಿಮಾನ ಹತ್ತಿದವನೊಬ್ಬನ ಸುದ್ದಿಯನ್ನು ಆಕೆ ಮೊನ್ನೆಯಷ್ಟೇ ಟಿ.ವಿ.ಯಲ್ಲಿ ನೋಡಿದ್ದಳು.

ಸೊಪ್ಪು ಬಿಟ್ಟು ಎದ್ದವಳು ನೇರ ಸೊಸೈಟಿಯ ಸೆಕ್ರೆಟರಿ ಗುರಲಿಂಗಪ್ಪನ ಮನೆಗೆ ಹೋದಳು. ಬೆಳಗಾವಿಯ ಗುರಲಿಂಗಪ್ಪ ಬಂದರಿನಲ್ಲಿ ವಾಚ್‌ಮನ್ ಆಗಿದ್ದು ನಿವೃತ್ತನಾದವನು. ಹೀಗಾಗಿ ಕಳ್ಳಸಾಗಣೆಯ ವಿಷಯದಲ್ಲಿ ಇಡೀ ಮುಂಬಯಿಯಲ್ಲಿ ತನ್ನದೇ ಕೊನೆಯ ಮಾತು ಎಂದು ನಂಬಿದ್ದ. ಮಾಲು ನುಂಗಿದವರು ಏನೂ ತಿನ್ನುವುದಿಲ್ಲ, ಮೊದಲು ತಿನ್ನಿಸಿ ನೋಡು ಎಂದು ಆತ ಸಲಹೆ ಕೊಟ್ಟ.

ಗುರುಬಾಯಿ ಬಿಸಿ ಉಪ್ಪಿಟ್ಟು ಒಯ್ದಳು. ಕಿಶೋರನಿಗೆ ಅಂದು ಉಪವಾಸ, ಶಿಬಿರಕ್ಕಾಗಿ ಪ್ರಾರ್ಥಿಸುತ್ತಿದ್ದ. ಆದರೆ ಧರ್ಮದ ಮಾತು ಎತ್ತದಿರುವ ಅಭ್ಯಾಸವನ್ನು ಆತ ವಾರದಿಂದಲೇ ಶುರು ಮಾಡಿದ್ದ. ಇವತ್ತು ಹೊಟ್ಟೆಗೆ ಏನೂ ಹಾಕುವಂತಿಲ್ಲ ಕಾಕು, ಎಂದಷ್ಟೇ ಹೇಳಿದ. ಬಾಳೆಹಣ್ಣು ಬಂತು, ಬೇಡವೆಂದ. ಮಜ್ಜಿಗೆ ಬಂತು, ಕೈಮುಗಿದ. ಕೊನೆಗೆ ಆಕೆ ಹರಳೆಣ್ಣೆ ತಂದಾಗ ಬಾಗಿಲು ಹಾಕಿಕೊಂಡ. ಇನ್ನು ಯಾರಿಗೂ ಅನುಮಾನವೇ ಉಳಿಯಲಿಲ್ಲ.

ಮಧ್ಯಾಹ್ನ ಚೀಲ ಹಿಡಿದು ಹೊರಬಿದ್ದರೆ ಲಿಫ್ಟಿನ ಮುಂದೆ ಅರ್ಧ ಬಿಲ್ಡಿಂಗು ನಿಂತಿತ್ತು. ಪೊಲೀಸರೋ, ಎಕ್ಸ್‌ರೇಯೋ, ಒಂದನ್ನು ಆರಿಸಿಕೋ ಎಂದ ಗುರಲಿಂಗಪ್ಪ. ವಿಮಾನದ ಚಿಂತೆಯಲ್ಲಿದ್ದ ಕಿಶೋರ ಎಕ್ಸ್‌ರೇ ಎಂದ. ಚೀಲವನ್ನು ಲಿಫ್ಟಿನ ಬಳಿಯೇ ಬಿಡಿಸಿ, ಮದುವೆಯ ದಿಬ್ಬಣದ ಹಾಗೆ ಎಲ್ಲರೂ ಅವನನ್ನು ಎದುರಿನ ಗಲ್ಲಿಯ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದರು.

ಹೊಟ್ಟೆಯಲ್ಲಿ ಗ್ಯಾಸು ಬಿಟ್ಟರೆ ಏನೂ ಇಲ್ಲ ಎಂದರು ಡಾಕ್ಟರು. ಗುರಲಿಂಗಪ್ಪ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ. ಈಗಿನ ಮಾಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ.

ಕಿಶೋರನ ತಾಳ್ಮೆ ಅಲ್ಲಿಗೆ ಮುಗಿಯಿತು. ಸರದಿಗಾಗಿ ಕೂತಿದ್ದ ರೋಗಿಗಳ ನಡುವೆಯೇ ನಿಂತು ಶಿಬಿರ, ಉಪವಾಸ, ಫೋನಿನ ಮಾತು ಎಲ್ಲವನ್ನೂ ಒದರಿದ.

"ನನ್ನೊಳಗ ಇರೂದು ಯೇಸುಸ್ವಾಮಿ, ಕಾಕಾ. ಯಾರರೆ ಕೇಳಿದ್ರ ಅಷ್ಟ ಹೇಳೂದು. ಇಲ್ಲಂದ್ರ ಫುಟ್‌ಬಾಲ್ ಆಡಿಸಿ ಬರೂದು."

ಗುರುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಉಪಾಸ ಅಂತ ಹೇಳಾಕ ಏನಾಗಿತ್ತೋ ತಮ್ಮಾ? ನಾನೂ ಸೋಮವಾರ ಮಾಡ್ತೀನಿ."

ತಪ್ಪು ಮಾಡಿದವರಿಗೆ ಪ್ರೀತಿ ಒಮ್ಮೆಲೇ ಉಕ್ಕುತ್ತದೆ. ಕಿಶೋರ ಚೀಲ ತರಲು ಬಿಲ್ಡಿಂಗಿಗೆ ಮರಳಿದಾಗ ಗೇಟಿನಲ್ಲಿ ಚೆಂಡುಹೂವಿನ ಹಾರ ಸಿದ್ಧವಾಗಿತ್ತು. ಗುರಲಿಂಗಪ್ಪ ತಾನೇ ಅದನ್ನು ಅವನ ಕೊರಳಿಗೆ ಹಾಕಿ, ಫೋಟೋ ತೆಗೆಸಿಕೊಂಡು, ಫೋನು ತೋರಿಸಿದ. ಕ್ಲಿನಿಕ್ಕಿನಲ್ಲಿ ಕಿಶೋರ ಆಡಿದ ಮಾತೆಲ್ಲ ವಿಡಿಯೋ ಆಗಿತ್ತು.

"ನನ್ನ ಅಳಿಯ ನೀ ಹೊಂಟ ಊರಾಗ ಅದಾನ. ಅಲ್ಲಿ ಮಂದಿಗೆಲ್ಲಾ ಕಳಿಸ್ಯಾನ. 'ಸುವಾರ್ತೆ ಸಾರಲು ಬರುವ ಕಿಶೋರನಿಗೆ ಸ್ವಾಗತ' ಅಂತ ಬೋರ್ಡ್ ಹಿಡಕೊಂಡು ಏರ್‌ಪೋರ್ಟಿನ್ಯಾಗ ನಿಲ್ತಾನಂತ. ನಾವು ಮಾಡಿದ ತಪ್ಪಿಗೆ ಅಷ್ಟರೆ ಬ್ಯಾಡೇನು?"

ಕಿಶೋರ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಗುಂಯ್‌ಗುಟ್ಟಿತು. ಶಿಬಿರದವರ ಸಂದೇಶ. ನಿಮಗಿಂತ ಮೊದಲು ನಿಮ್ಮ ವಿಡಿಯೋ ಇಲ್ಲಿಗೆ ತಲುಪಿದೆ. ದಯವಿಟ್ಟು ಬರಬೇಡಿ, ಚೇತನನೊಬ್ಬನೇ ಬರಲಿ ಎಂದಿತ್ತು.

ಅಷ್ಟರಲ್ಲಿ ಯಾರೋ ಆಟೋ ತಂದು ನಿಲ್ಲಿಸಿದ್ದರು, ಇನ್ಯಾರೋ ಚೀಲ ಒಳಗಿಟ್ಟಿದ್ದರು. ಗುರುಬಾಯಿ ಅವನನ್ನು ಒಳಗೆ ಕೂರಿಸಿ, ತಲೆಯ ಮೇಲೆ ಕೈಯಿಟ್ಟಳು.

"ಅಲ್ಲಿ ಮುಟ್ಟಿದ ಮ್ಯಾಲ ದಿನಾ ಒಂದ ಫೋಟೋ ಕಳಸು ತಮ್ಮಾ. ಇಲ್ಲಂದ್ರ ನಮ್ಮ ಜೀವಕ್ಕ ಸಮಾಧಾನ ಇರೂದಿಲ್ಲ."

ಇಡೀ ಬಿಲ್ಡಿಂಗು ಕೈಬೀಸುತ್ತಿತ್ತು. ಕಿಶೋರನೂ ಬೀಸಿದ. ಆಟೋ ಗಲ್ಲಿಯ ತಿರುವು ದಾಟಿದ ಮೇಲೆ ಡ್ರೈವರು, ಏರ್‌ಪೋರ್ಟಿನ ಯಾವ ಟರ್ಮಿನಲ್ ಎಂದು ಹಿಂದಿಯಲ್ಲಿ ಕೇಳಿದ.

ಕಿಶೋರ ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟು, ಮುಂಬಯಿಯಲ್ಲೇ ಚೆಂಬೂರಿನಲ್ಲಿದ್ದ ಚಿಕ್ಕವ್ವನ ಮನೆಯ ವಿಳಾಸ ಹೇಳಿದ.