ಡಿಗ್ರಿಯಿಲ್ಲದ ಪಿಟೀಲು

ಸಂಗೀತ ಶಾಲೆಗೆ ಪಿಟೀಲು ಮೇಷ್ಟ್ರು ಬೇಕಂತೆ ಎಂಬ ಸುದ್ದಿ ತಂದವನು ಬಾಮೈದ. "ಭಾವ, ಡಿಗ್ರಿ ಕೇಳಿದ್ರೆ ಹೆದರಬೇಡಿ. ನುಡಿಸಿ ತೋರಿಸಿ, ಬಾಯಿ ಮುಚ್ಕೊಂಡು ಕೆಲಸ ಕೊಡ್ತಾರೆ" ಎಂದು ಹುರಿದುಂಬಿಸಿ, ತನ್ನ ಕೋಟನ್ನೇ ತೊಡಿಸಿ ಕಳಿಸಿದ. ಮದುವೆಮನೆಗಳಲ್ಲಿ ಸ್ಪೀಕರುಗಳೇ ಹಾಡತೊಡಗಿದ ಮೇಲೆ, ಎಲ್ಲರೂ ಪಿಟೀಲಪ್ಪನೆಂದು ಕರೆಯುತ್ತಿದ್ದ ಈ ಭಾವನಿಗೆ ಕೆಲಸವೇ ಇರಲಿಲ್ಲ. ಮನೆಯಲ್ಲಿ ಈಗ ಸದ್ದು ಮಾಡುತ್ತಿದ್ದುದು ಹೆಂಡತಿಯ ಹೊಲಿಗೆ ಯಂತ್ರ ಮಾತ್ರ.

ಪ್ರಿನ್ಸಿಪಾಲ್ ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಡಿಗ್ರಿ?"

"ಇಲ್ಲ ಮೇಡಂ. ಒಂದ್ಸಲ ಕೇಳಿಬಿಡಿ."

ನುಡಿಸಿದ. ತಲೆದೂಗಲು ಹೊರಟ ಮೇಡಂ ಕತ್ತನ್ನು ಅರ್ಧದಲ್ಲೇ ತಡೆದುಕೊಂಡರು. ಹಾಲಿನ ಪಾತ್ರೆ ಕಾಯುವ ಬೆಕ್ಕಿನಂತೆ ಕೂತಿದ್ದ ಗುಮಾಸ್ತ, "ಕೋಟಿನ ಜೇಬಲ್ಲಿ ಫೋನ್ ಹಾಡ್ತಿರಬಹುದು ಮೇಡಂ" ಎಂದು ಪಿಸುಗುಟ್ಟಿದ. ಕೋಟು ಬಿಚ್ಚಿಸಿದರು. ಬಾಮೈದನ ಬಾಚಣಿಗೆ ಬಿತ್ತು, ಅಷ್ಟೆ. ಕಿಟಕಿ ಮುಚ್ಚಿಸಿದರು. ಅವನ ಪಿಟೀಲು ತೆಗೆದಿಟ್ಟು ಶಾಲೆಯ ಹಳೆಯದನ್ನು ಕೊಟ್ಟರು. ಶ್ರುತಿ ಮಾಡುವಾಗಲೇ ಅದರ ಒಂದು ತಂತಿ ಪಟ್ಟೆಂದು ಹರಿಯಿತು. ಪಿಟೀಲಪ್ಪನಿಗೂ ಛಲ ಬಂತು. ಉಳಿದ ತಂತಿಗಳಲ್ಲೇ ಹೇಗೆ ನುಡಿಸಿದನೆಂದರೆ, ಪಕ್ಕದ ಕೋಣೆಯ ಹಾಡಿನ ಕ್ಲಾಸು ನಿಂತೇಹೋಯಿತು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಡಿಗ್ರಿ ಹಾಳಾಗ್ಲಿ! ಸೋಮವಾರದಿಂದ..."

ಗುಮಾಸ್ತ ಕೆಮ್ಮಿ, ಅವರನ್ನು ಬೀರುವಿನ ಹಿಂದಕ್ಕೆ ಕರೆದೊಯ್ದ. ಗುಸುಗುಸು ನಡೆಯಿತು. ಈಚೆ ಬಂದಾಗ ಮೇಡಂ ಮುಖದ ಬಣ್ಣವೇ ಬದಲಾಗಿತ್ತು.

"ಕೂತ್ಕೊಳ್ಳಿ ಸಾರ್."

ಕುರ್ಚಿ ಬಂತು, ಟೀ ಬಂತು, ಬಿಸ್ಕತ್ತೂ ಬಂತು. ಗುಮಾಸ್ತ ತಾನೇ ಕೋಟು ತೊಡಿಸಿದ. ಪಿಟೀಲಪ್ಪ ಒಳಗೊಳಗೇ ಪೂರಿಯಂತೆ ಉಬ್ಬಿದ. ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಕೂಡ ಜೋಡಿಸಿಕೊಂಡ.

"ಹಾಗಾದ್ರೆ ಮೇಡಂ, ಕೆಲಸ...?"

ಮೇಡಂ ಕೈ ಮುಗಿದರು. "ಸಾಕು ಸಾರ್, ಗೊತ್ತಾಯ್ತು. ಡಿಗ್ರಿ ಇಲ್ಲದೋನು ಎಲ್ಲಾದ್ರೂ ಹೀಗೆ ನುಡಿಸ್ತಾನಾ? ನೀವು ಇನ್‌ಸ್ಪೆಕ್ಷನ್ನಿಗೆ ಬಂದಿರೋ ವಿದ್ವಾಂಸರು. ಡಿಗ್ರಿ ಇಲ್ಲದೋರನ್ನ ಸೇರಿಸ್ಕೊಂಡ್ರು ಅಂತ ಹಿಂದಿನ ಬೀದಿ ಶಾಲೆಗೆ ಬೀಗ ಹಾಕಿಸಿದ್ದೂ ನೀವೇ ಇರಬೇಕು."

"ಅಯ್ಯೋ, ನಾನು ಮದುವೇಲಿ ನುಡಿಸೋನು ಮೇಡಂ!"

"ಆಹಾ, ನಟನೇನೂ ಚೆನ್ನಾಗಿ ಮಾಡ್ತೀರಿ ಸಾರ್" ಎಂದು ಗುಮಾಸ್ತ ಕಣ್ಣು ಮಿಟುಕಿಸಿದ.

ಮೇಡಂ ಅವನನ್ನು ಗೇಟಿನವರೆಗೂ ಬಂದು ಬೀಳ್ಕೊಟ್ಟರು. "ರಿಪೋರ್ಟಲ್ಲಿ ಮಾತ್ರ ಮರೀದೆ ಬರೀರಿ ಸಾರ್. ನಿಮ್ಮಷ್ಟು ಚೆನ್ನಾಗಿ ನುಡಿಸಿದ್ರೂ ಸರಿ, ಡಿಗ್ರಿ ಇಲ್ಲದೋನನ್ನ ನಾವು ಒಳಗೆ ಬಿಟ್ಕೊಳ್ಳೋದೇ ಇಲ್ಲ!"