ಇಂಟರ್‌ಲಾಕ್ ಮಾಡಿಸುವುದೋ ಬೇಡವೋ

ಕೂತಲ್ಲಿ ಕೂರದವರ ಬೆನ್ನಿಗೆ ಇಂಥ ಪ್ರಸಂಗಗಳು ಬಿದ್ದೇ ಬೀಳುತ್ತವೆ ಎಂದು ನನ್ನ ಅಕ್ಕ ಹೇಳುತ್ತಾಳೆ. ಹೇಳುವುದು ನನ್ನನ್ನು ನೋಡಿಯೇ. ಇಪ್ಪತ್ತೈದು ವರ್ಷ ನಾನು ಹೋಟೆಲುಗಳಲ್ಲಿ ಬಟ್ಟೆಬರೆ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡಿದವಳು. ಮಸ್ಕತ್, ಮಾಲೆ, ಮಾರಿಷಸ್, ಕೊನೆಗೆ ಇಸ್ತಾಂಬುಲ್. ಒಂದು ದೇಶ ಬಿಟ್ಟು ಇನ್ನೊಂದಕ್ಕೆ ಹೋಗುವ ತೀರ್ಮಾನವನ್ನು ಚಹಾ ಆರುವುದರೊಳಗೆ ಮಾಡಿದ್ದುಂಟು. ಮೂರು ವರ್ಷದ ಹಿಂದೆ ಕಾಸರಗೋಡು ಕಡೆಯ ಕಾರಡ್ಕದಲ್ಲಿರುವ ಅಕ್ಕನ ಮನೆಗೆ ಬಂದೆ, ಕೈ ಸುಮ್ಮನಿರದೆ ಹೊಲಿಗೆ ಸುರು ಮಾಡಿದೆ. ಬಟ್ಟೆಯ ಅಂಚು ಕತ್ತರಿಸುತ್ತಲೇ ನೂಲು ಬಿಚ್ಚದ ಹಾಗೆ ಸುತ್ತಿ ಹೊಲಿಯುವ ಮೆಷಿನ್ ಒಂದು ತಗೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಬಂದದ್ದು ಆಗ. ಆ ತೀರ್ಮಾನಕ್ಕೆ ಒಂಬತ್ತು ತಿಂಗಳು ಬೇಕಾಯಿತು.

ಮೆಷಿನಿನ ಮೇಲೆ ಓವರ್‌ಲಾಕ್ ಎಂದು ಬರೆದಿರುತ್ತದೆ. ನಮ್ಮ ಕಡೆ ಟೈಲರಿನಿಂದ ಹಿಡಿದು ನೈಟಿ ಮಾರುವವರವರೆಗೆ ಎಲ್ಲರೂ ಹೇಳುವುದು ಇಂಟರ್‌ಲಾಕ್ ಎಂದು. ನಾನೂ ಹಾಗೆಯೇ ಹೇಳತೊಡಗಿದೆ.

ಸೂಟ್‌ಕೇಸಿನ ಅಳತೆ

ಅಕ್ಕ ಒಂದೇ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಮೊದಲು ಅವಳನ್ನೇ ಕೇಳಿದೆ.

"ಮೆಷಿನ್ ತಗೊಳ್ಳಲಾ?"

"ಎಷ್ಟು ಭಾರ ಉಂಟು ಅದು?"

"ಮೇಜು, ಮೋಟಾರು ಎಲ್ಲ ಸೇರಿ ಇಬ್ಬರು ಹಿಡಿಯಬೇಕು."

"ಸೂಟ್‌ಕೇಸಿನಲ್ಲಿ ಹಿಡಿಯುತ್ತದಾ?"

"ಎಲ್ಲಿಯಾದರೂ ಹಿಡಿಯುವುದುಂಟಾ?"

"ಹಾಗಾದರೆ ನೀನು ತಗೊಳ್ಳುವುದಿಲ್ಲ. ಸೂಟ್‌ಕೇಸಿನಲ್ಲಿ ಹಿಡಿಯದ ಒಂದು ವಸ್ತು ನೀನು ಈವರೆಗೆ ತಗೊಂಡದ್ದುಂಟಾ, ಮಾರಾಯ್ತಿ?"

ಇಲ್ಲೇ ಇರುತ್ತೀಯಾ ಎಂದು ಬಾಯಿಬಿಟ್ಟು ಕೇಳುವ ಜನ ಅಲ್ಲ ಅಕ್ಕ. ಅವಳ ಬಾಯಲ್ಲಿ ಆ ಪ್ರಶ್ನೆ 'ಮೆಷಿನ್ ಎಂತ ಮಾಡಿದಿ' ಎಂದಾಗುತ್ತದೆ. ಎರಡೂ ಒಂದೇ ಎಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಹಾಗಾಗಿ ಆ ದಿನ ಸೋಲಬಾರದೆಂದು ನೆನಪನ್ನೆಲ್ಲ ಕೆದಕಿ ಹೇಳಿದೆ: "ಮಾಲೆಯಲ್ಲಿ ಒಂದು ಕುರ್ಚಿ ತಗೊಂಡಿದ್ದೆ."

ಅಕ್ಕ ಬೀನ್ಸಿನ ನಾರು ತೆಗೆಯುತ್ತಾ ಕೇಳಿದಳು: "ಮಡಚುವ ಕುರ್ಚಿಯಾ?"

ಮಡಚುವ ಕುರ್ಚಿಯೇ.

ಅಂಚೆಲ್ಲ

ಮೆಷಿನ್ ಇಲ್ಲದವರು ಅಂಚು ಹೊಡೆಸಲಿಕ್ಕೆ ಪೇಟೆಯ ಟೈಲರಲ್ಲಿಗೇ ಹೋಗಬೇಕು. ಅವರು ಒಳ್ಳೆಯವರು, ಆದರೆ ಅವರ ನಾಳೆ ಯಾವಾಗ ಬರುತ್ತದೆಂದು ಅವರಿಗೂ ಗೊತ್ತಿರುವುದಿಲ್ಲ. ಒಮ್ಮೆ ನಾಲ್ಕು ಕುರ್ತಾಗಳ ತುಂಡುಗಳನ್ನು ಚೀಲದಲ್ಲಿ ಹಾಕಿ ಕೊಟ್ಟೆ. ಹಳೆಯ ಪತ್ರಿಕೆ ಕತ್ತರಿಸಿ ಅಳತೆ ಮಾಡಿಟ್ಟುಕೊಂಡಿದ್ದೆ. ಆ ಕಾಗದಗಳೂ ಅದರಲ್ಲೇ ಇದ್ದವು. ಬಸ್ಸು ಹೊರಡುವ ಗಡಿಬಿಡಿಯಲ್ಲಿ "ಅಂಚೆಲ್ಲ ಇಂಟರ್‌ಲಾಕ್ ಮಾಡಿಡಿ" ಎಂದಷ್ಟೇ ಹೇಳಿ ಓಡಿದೆ.

ಹದಿನೈದು ದಿನದ ಮೇಲೆ ಟೈಲರಲ್ಲಿಗೆ ಹೋಗಿ ಚೀಲ ಬಿಚ್ಚಿ ನೋಡಿದರೆ ಬಟ್ಟೆಗೆ ಬಿಳಿ ನೂಲಿನಲ್ಲಿ ಚಂದಕ್ಕೆ ಹೊಡೆದಿದ್ದರು. ಕಾಗದಕ್ಕೂ ಹೊಡೆದಿದ್ದರು, ಹಳದಿ ನೂಲಿನಲ್ಲಿ.

"ಪೇಪರಿಗೆ ಯಾಕೆ ಹೊಡೆದದ್ದು?"

"ಅಂಚೆಲ್ಲ ಅಂತ ನೀವೇ ಹೇಳಿದ್ದಲ್ವಾ ಮೇಡಂ. ನನಗೂ ಒಂದು ಡೌಟು ಬಂತು. ಆದರೆ ನೀವು ಫಾರಿನ್ನಿನಲ್ಲೆಲ್ಲ ಇದ್ದವರು, ಅಲ್ಲಿ ಹೀಗೆ ಉಂಟೇನೋ ಅಂತ ಹೊಡೆದೆ."

ಕನ್ನಡಕ ಮೇಲೇರಿಸಿ ಒಂದು ತೋಳಿನ ಕಾಗದವನ್ನು ಎತ್ತಿ ತೋರಿಸಿದರು. "ಇದೊಂದು ನಿಧನದ ಪುಟ ಇತ್ತು. ಬ್ಲೇಡಿಗೆ ಸಿಕ್ಕಿ ಬದಿಯ ನಾಲ್ಕು ಫೋಟೋ ಹೋಯ್ತು. ನೀವು ಬೇಜಾರು ಮಾಡ್ಬೇಡಿ. ನಮ್ಮ ಪೈಕಿಯವರು ಯಾರೂ ಇಲ್ಲ ಅಂತ ನೋಡಿಯೇ ಹೊಡೆದದ್ದು."

ನೂಲು ಪೋಣಿಸುವವ

ಇನ್ನು ಆಗದು ಎಂದು ಮರುದಿನವೇ ಕಾಸರಗೋಡಿಗೆ ಹೋಗಿ ಮೆಷಿನ್ ಅಂಗಡಿ ಹೊಕ್ಕೆ. ಅಂಗಡಿಯವ ಅಕ್ಕನ ಹಳೆಯ ವಿದ್ಯಾರ್ಥಿ. "ಟೀಚರ್ ಹೇಗಿದ್ದಾರೆ" ಎಂದು ವಿಚಾರಿಸಿ, ಚಿಂದಿ ಬಟ್ಟೆಯೊಂದನ್ನು ಮೆಷಿನಿನ ಅಡಿಗೆ ಬಿಟ್ಟ. ಗುರ್ ಎಂದು ನಾಲ್ಕು ನೂಲು ಕುಣಿದವು. ಆ ಬದಿಯಿಂದ ಬಂದ ಬಟ್ಟೆಯ ಅಂಚು ಇಸ್ತಾಂಬುಲಿನ ನನ್ನ ಹೋಟೆಲಿನ ಟವೆಲಿಗಿಂತ ಅಚ್ಚುಕಟ್ಟಾಗಿತ್ತು. ನನಗೆ ಆಸೆ ಹೆಚ್ಚಾಯಿತು.

"ಈ ನಾಲ್ಕು ನೂಲು ಪೋಣಿಸುವುದು ಹೇಗೆಂದು ಒಮ್ಮೆ ತೋರಿಸಿ" ಎಂದೆ.

ಅವನ ಮುಖ ಸಣ್ಣದಾಯಿತು. "ಅದನ್ನು ತೆಗೆಯಲೇ ಬಾರದು ಅಕ್ಕ. ನೂಲು ಮುಗಿಯುವಾಗ ಹೊಸದರ ತುದಿ ಗಂಟು ಹಾಕಿ ಎಳೆಯುವುದು."

"ತುಂಡಾದರೆ?"

"ತುಂಡಾಗದ ಹಾಗೆ ನೋಡಿಕೊಳ್ಳುವುದು."

"ಆದರೂ ತುಂಡಾದರೆ?"

"ಪೋಣಿಸುವವ ಒಬ್ಬ ಇದ್ದಾನೆ. ಕಣ್ಣು ಮುಚ್ಚಿ ಪೋಣಿಸ್ತಾನೆ."

"ಎಲ್ಲಿದ್ದಾನೆ?"

"ಶಾರ್ಜಾದಲ್ಲಿ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರ್ಲಿಕ್ಕುಂಟು."

ನಾನು ಚೀಲ ಹೆಗಲಿಗೇರಿಸಿದೆ. ಗಿರಾಕಿ ತಪ್ಪುತ್ತದೆಂದು ಅವನಿಗೆ ಗಾಬರಿಯಾಯಿತು. "ಅಷ್ಟು ಅರ್ಜೆಂಟಾದರೆ ನೀವೇ ಒಮ್ಮೆ ಹಿಡ್ಕೊಂಡು ಹೋಗಿ ಬನ್ನಿ. ನೀವು ಹೇಗೂ ಹೋಗುವವರು ಅಂತ ಟೀಚರ್ ಹೇಳಿದ್ರು."

ಆರನೇ ಕ್ಲಾಸಿಗೆ ಸೇರಿದ್ದು

ಕೊಳ್ಳುವ ಮೊದಲು ನಾಲ್ಕು ದಿನ ತುಳಿದು ನೋಡುವುದು ಒಳ್ಳೆಯದೆಂದು ನಮ್ಮ ಕಾಸರಗೋಡಿನದೇ ಅನಂತಪುರದ ಕಡೆ ಒಂದು ಸಣ್ಣ ಹೊಲಿಗೆ ಘಟಕಕ್ಕೆ ಹೋದೆ. ಅಲ್ಲಿಯ ಮೇಲ್ವಿಚಾರಕಿ ನನ್ನ ಪರಿಚಯದವಳು. ಆರನೇ ಕ್ಲಾಸಿನ ಯೂನಿಫಾರ್ಮ್ ಹೊಲಿಯುವ ಹೆಂಗಸೊಬ್ಬಳ ಪಕ್ಕದ ಖಾಲಿ ಮೆಷಿನಿನಲ್ಲಿ ನನ್ನನ್ನು ಕೂರಿಸಿ ಹೋದಳು. ಹೊಸ ಜಾಗದಲ್ಲಿ ಕೂತರೆ ನನಗೆ ಮಾತು ಬೇಕು.

"ನೀವಿಲ್ಲಿ ಎಷ್ಟು ವರ್ಷ ಆಯ್ತು?"

"ಹನ್ನೊಂದು."

"ಹನ್ನೊಂದು ವರ್ಷವೂ ಇದೇ ಕುರ್ಚಿಯಲ್ಲಾ?"

"ಇಲ್ಲ ಇಲ್ಲ. ಮೊದಲು ನೀವು ಕೂತ ಕುರ್ಚಿ."

ಆ ಮಾತು ಕೇಳಿದ್ದೇ ಏಳಲೆಂದು ಕಾಲು ಊರಿದೆ, ಊರಿದ್ದು ಪೆಡಲಿನ ಮೇಲೆ. ಮೆಷಿನ್ ಒಮ್ಮೆಗೇ ಓಡಿತು. ಕುತ್ತಿಗೆಯಲ್ಲಿದ್ದ ಶಾಲು ಇಸ್ತಾಂಬುಲಿನಿಂದ ಇಲ್ಲಿವರೆಗೆ ಎಲ್ಲೂ ಸಿಕ್ಕಿಕೊಳ್ಳದೆ ಬಂದದ್ದು. ಅದರ ತುದಿ ಈಗ ಮೆಷಿನಿನ ಅಡಿಯಲ್ಲಿದ್ದ ಯೂನಿಫಾರ್ಮ್ ಅಂಗಿಯೊಂದರ ಬದಿಗೆ ನಾಲ್ಕು ನೂಲಿನಲ್ಲಿ ಭದ್ರವಾಗಿ ಸೇರಿಕೊಂಡಿತು. ಎದ್ದರೆ ಅಂಗಿ ಬರುತ್ತದೆ, ಅಂಗಿಯ ಹಿಂದೆ ಮೆಷಿನ್ ಬರುತ್ತದೆ.

ಅಷ್ಟರಲ್ಲಿ ಮೇಲ್ವಿಚಾರಕಿ ಬಂದು "ನೋಡಿ ಆಯ್ತಾ, ಚಹಾಕ್ಕೆ ಹೋಗುವ" ಎಂದಳು.

ಪಕ್ಕದವಳು ತಲೆ ಎತ್ತದೆ ಹೇಳಿದಳು: "ಅವರು ಬರ್ಲಿಕ್ಕಿಲ್ಲ. ಆರನೇ ಕ್ಲಾಸಿಗೆ ಸೇರಿದ್ದಾರೆ."

ಅಂಗಳ

ಶಾಲು ಬಿಚ್ಚಿಸಿಕೊಂಡು ಬಂದ ಮರುದಿನ ನಾನು ರೈಲು ಹತ್ತಿದೆ. ಎರ್ನಾಕುಳಂನಲ್ಲಿ ಮಸ್ಕತ್ತಿನ ಕಾಲದ ಗೆಳತಿಯೊಬ್ಬಳಿದ್ದಾಳೆ. ತಲೆ ಬಿಸಿಯಾದಾಗ ನಾನು ಮಾಡುವುದೇ ಇದು, ಎಲ್ಲಿಗಾದರೂ ಹೋಗುವುದು. ಆದರೆ ಈ ಸಲ ಅಲ್ಲಿಯೂ ನಿಲ್ಲಲಾಗಲಿಲ್ಲ. ಅವಳ ಕಿಟಕಿಯ ಪರದೆಯ ಅಂಚು ಬಿಚ್ಚಿಕೊಂಡದ್ದೇ ಕಣ್ಣಿಗೆ ಬೀಳುತ್ತಿತ್ತು. "ಇನ್ನು ಯಾವ ಕಡೆ?" ಎಂದು ಗೆಳತಿ ವಾಡಿಕೆಯಂತೆ ಕೇಳಿದಳು. "ಮನೆಗೆ" ಎಂಬ ಮಾತು ನನ್ನ ಬಾಯಿಂದ ಬಂತು. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಕೂಡಲೇ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಆಯ್ತು. ಇಂಟರ್‌ಲಾಕ್ ಮಾಡಿಸಿಯೇ ಬಿಡುವ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಮತ್ತೆ ಕೇಳಿದಳು: "ಖಂಡಿತವಾ?"

"ಖಂಡಿತ."

"ಮತ್ತೆ ಮಾತು ಬದಲಿಸ್ಲಿಕ್ಕಿಲ್ಲ."

"ಇಲ್ಲ."

ಐದು ದಿನ ಕಳೆದು ಆಟೋದಿಂದ ಇಳಿದರೆ ಅಂಗಳದ ಕೆಂಪು ಮಣ್ಣು ಕಾಣಿಸುತ್ತಿಲ್ಲ. ಗೇಟಿನಿಂದ ಬಾವಿಕಟ್ಟೆಯವರೆಗೆ, ಒಂದಕ್ಕೊಂದು ಕಚ್ಚಿಕೊಳ್ಳುವ ಬೂದು ಬಣ್ಣದ ಸಿಮೆಂಟ್ ಕಲ್ಲುಗಳು. ಅಂಗಳಕ್ಕೆ ಹಾಸುವ ಈ ಕಲ್ಲಿಗೂ ನಮ್ಮಲ್ಲಿ ಇಂಟರ್‌ಲಾಕ್ ಎಂದೇ ಹೆಸರು. ಹೊರದೇಶದಿಂದ ಬಂದವರು ಇದನ್ನು ಹಾಕಿಸಿದರೆಂದರೆ ಇನ್ನು ಹೋಗುವುದಿಲ್ಲ ಎಂದು ಊರು ತಿಳಿದುಕೊಳ್ಳುತ್ತದೆ. ಪಕ್ಕದ ಮನೆಯಾಕೆ ಆಗಲೇ ಬೇಲಿಯಾಚೆ ನಿಂತಿದ್ದಳು. "ಅಂತೂ ನಿಂತಿರಲ್ಲಾ, ಒಳ್ಳೆದಾಯ್ತು" ಎಂದಳು.

ಕಲ್ಲು ಹಾಸುವ ಮೇಸ್ತ್ರಿ ನನ್ನ ಬಳಿ ಬಂದ. "ಮೇಡಂ, ಅಂಚಿಗೆ ಸಿಮೆಂಟಿನ ಪಟ್ಟಿ ಕೊಡುವುದಲ್ವಾ? ಅಂಚು ಹಾಗೇ ಬಿಟ್ಟರೆ ಒಂದೊಂದೇ ಬಿಚ್ಚಿಕೊಂಡು ಬರ್ತದೆ."

ಬಟ್ಟೆಯ ಅಂಚಿನ ಬಗ್ಗೆ ಇದೇ ಮಾತನ್ನು ಪೇಟೆಯ ಟೈಲರ್ ಒಂಬತ್ತು ತಿಂಗಳ ಹಿಂದೆ ಹೇಳಿದ್ದರು, ಮೆಷಿನಿನ ಯೋಚನೆ ಹುಟ್ಟಿದ್ದೇ ಅದರಿಂದ. "ಕೊಡಿ" ಎಂದೆ. ಸೂಟ್‌ಕೇಸ್ ಅಲ್ಲೇ ಬಿಟ್ಟು ಅಡುಗೆಮನೆಗೆ ಹೋದೆ.

"ಅಕ್ಕ, ನಾನು ಹೇಳಿದ್ದು ಮೆಷಿನ್."

"ಗೊತ್ತುಂಟು" ಎಂದಳು ಅಕ್ಕ, ಸಾರಿಗೆ ಒಗ್ಗರಣೆ ಹಾಕುತ್ತಾ. "ಮೂವತ್ತು ವರ್ಷ ಪಾಠ ಮಾಡಿದವಳಿಗೆ ಒಂದು ಶಬ್ದಕ್ಕೆ ಎರಡು ಅರ್ಥ ಉಂಟು ಅಂತ ಗೊತ್ತಾಗುವುದಿಲ್ವಾ? ಮೆಷಿನಿಗೂ ಹೇಳಿದ್ದೇನೆ. ನಾಳೆ ಬರ್ತದೆ. ಶಾರ್ಜಾದವ ರಜೆಯಲ್ಲಿ ಬಂದಿದ್ದಾನಂತೆ, ನೂಲು ಪೋಣಿಸಿಯೇ ಕೊಡ್ತಾರೆ."

"ಮತ್ತೆ ಇದು ಯಾಕೆ?"

ಅಕ್ಕ ಒಲೆ ಆರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಒಗ್ಗರಣೆಯ ಹೊಗೆಗೇ ಇರಬೇಕು.

"ಮೆಷಿನ್ ಆದರೆ ನೀನು ನಾಳೆ ಯಾರಿಗಾದ್ರೂ ಕೊಟ್ಟು ಹೋಗುವವಳು. ಈ ಅಂಗಳವನ್ನು ಮಡಚು, ನೋಡುವ."